ಜ್ವರ ಬಾರದೆ ಸತ್ತ ನೀಲವ್ವ

ಗದಗ, ೨೧೮೩ನೇ ಇಸವಿ, ಶ್ರಾವಣ ಬಹುಳ ತದಿಗೆ

ಹಿರಿಯರೇ, ನಿಮ್ಮಲ್ಲಿ ಯಾರೂ ಕಾಣಲಾರದ ದಿನದಿಂದ ಬರೆಯುತ್ತಿದ್ದೇನೆ. ಕೆಲವು ಮಾತು ಕಿವಿಗೆ ಒರಟಾಗಿ ಕೇಳಿಸಿದರೆ ಮನ್ನಿಸಿ. ನೂರ ಅರವತ್ತು ವರ್ಷಗಳಲ್ಲಿ ಕನ್ನಡವೂ ಸವೆದಿದೆ, ಬೆಳೆದಿದೆ. ನನ್ನ ಹೆಸರು ಸಂಗವ್ವ ಹೊಂಬಳ. ನಾನು ಮರುಓದುಗಿತ್ತಿ, ಅಂದರೆ ಹಿಂದಿನವರ ಸಾವಿನ ದಾಖಲೆಗಳನ್ನು ಮತ್ತೆ ಓದಿ, ಅವರು ಯಾಕೆ ಸತ್ತರೆಂದು ತಿಳಿಯುವವಳು.

ಈ ಬೇಸಿಗೆಯಲ್ಲಿ ನಮ್ಮೂರಿಗೆ ಬೂದಿಜ್ವರ ಬಂತು. ಬೀದಿಗಳು ಮುಚ್ಚಿದವು, ಕಾಳು, ಔಷಧಿಗಳೆಲ್ಲ ತಲೆಯ ಮೇಲೆ ಓಡುವ ಹಗ್ಗದ ಬಂಡಿಗಳಿಂದ ಅಂಗಳಕ್ಕೆ ಇಳಿಯತೊಡಗಿದವು. ನನ್ನ ತಂಗಿ ಚಂಪಾಳ ಎದೆಯ ಕ್ಯಾನ್ಸರಿಗೆ ಆಗಷ್ಟೇ ಅರ್ಧ ಚಿಕಿತ್ಸೆ ಮುಗಿದಿತ್ತು. ಹಿರಿಯ ವೈದ್ಯರಾದ ಈರಪ್ಪನವರು ಕ್ಯಾನ್ಸರ್ ವಾರ್ಡನ್ನು ಮುಚ್ಚಿಸಿದರು.

"ಇಂಥಾವರಿಗೆ ಈ ಜ್ವರ ಹತ್ತಿದ್ರ ಉಳಿಯೂದು ಕಷ್ಟ ಐತ್ರಿ. ಇಳಿದ ಮ್ಯಾಲೆ ಕರ್ಕೊಂಡು ಬರ್ರಿ," ಎಂದರು. ಅವರ ಅಂಜಿಕೆ ಸುಳ್ಳಾಗಿರಲಿಲ್ಲ.

ಆದರೆ ನಾನು ನಿಮ್ಮ ಕಾಲದ ನೀಲವ್ವನ ದಾಖಲೆ ಓದಿದ್ದೆ. ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದ ಹೆಂಗಸು. ಇಪ್ಪತ್ತೈದು ದಿನ 'ಕರೆಂಟ್' ಕೊಡಬೇಕೆಂದಿದ್ದರಂತೆ. ಕಿರಣ ಚಿಕಿತ್ಸೆಗೆ ನಿಮ್ಮ ಜನ ಇಟ್ಟುಕೊಂಡ ಹೆಸರದು. ಹನ್ನೊಂದು ಮುಗಿಯುವಷ್ಟರಲ್ಲಿ ನಿಮ್ಮ ಕಾಲದ ಮಹಾಮಾರಿ ಬಂದು ಬಸ್ಸುಗಳು ನಿಂತವು. ನಾಲ್ಕು ತಿಂಗಳ ಮೇಲೆ ಆಸ್ಪತ್ರೆಗೆ ಹೋದಾಗ ರೋಗ ಎಲುಬಿಗೆ ಹಬ್ಬಿತ್ತು. ಸಾವಿನ ಕಾರಣ ಕ್ಯಾನ್ಸರ್ ಎಂದಷ್ಟೇ ಬರೆದಿದ್ದಾರೆ. ಮಹಾಮಾರಿಗೆ ಬಲಿಯಾದವರ ಪಟ್ಟಿಯಲ್ಲಿ ಅವಳಿಲ್ಲ. ಜೊತೆಗೆ ಮಗಳು ಸುವರ್ಣಾಳ ಚೀಟಿಯಿದೆ: "ಅವ್ವಗ ಜ್ವರ ಬರಲೇ ಇಲ್ಲ. ದಿನಾ ಮುಂಜಾನೆ ಚೀಲಾ ಹಿಡ್ಕೊಂಡು ಕಟ್ಟಿ ಮ್ಯಾಲೆ ಕುಂದರತಿದ್ಲು. ಇವತ್ತರ ಬಸ್ ಬರ್ತೈತೇನವಾ, ಅಂತಿದ್ಲು." ಇಂಥದನ್ನು ನಾವು ನೆರಳುಸಾವು ಎನ್ನುತ್ತೇವೆ: ಜ್ವರ ಮುಟ್ಟಲಿಲ್ಲ, ಜ್ವರದ ಕಾಲ ಕೊಂದಿತು.

ಆ ಚೀಟಿಯನ್ನು ವೈದ್ಯರ ಮುಂದಿಟ್ಟೆ. ಎರಡು ಸಲ ಓದಿದರು.

"ಇಂಥಾವು ಎಷ್ಟು ಅದಾವ್ರಿ?"

"ನಾ ಓದಿದ್ದರಾಗ ನೂರಾ ಹನ್ನೆರಡು ಅದಾವ್ರಿ."

ಎದ್ದು ಕಿಟಕಿಯಿಂದ ಹಿಂದಿನ ಓಣಿಯನ್ನು ನೋಡಿದರು. ಆಮೇಲೆ, "ಹಿಂದಿನ ಓಣಿ ಕಡೆ ಬ್ಯಾರೆ ಬಾಗಲಾ ತಗಸ್ತೀನಿ. ನಾಳಿ ತಂಗೀನ ಕರ್ಕೊಂಡು ಬರ್ರಿ," ಎಂದರು.

ಜ್ವರದವರು ಕಾಲಿಡದ ಆ ಬಾಗಿಲಿನಿಂದ ನಲವತ್ತು ಮಂದಿ ಒಳಗೆ ಹೋದರು. ಅಷ್ಟಾದರೂ ಮೂವರು ಜ್ವರ ಹತ್ತಿ ತೀರಿಕೊಂಡರು. ಒಬ್ಬಳು ಚಂಪಾಳ ಪಕ್ಕದ ಹಾಸಿಗೆಯವಳು. ಅವಳ ಗಂಡ ಎದುರಾದರೆ ಇಂದಿಗೂ ನಾನು ಬೇರೆ ಓಣಿ ಹಿಡಿಯುತ್ತೇನೆ. ಚಂಪಾ ಬದುಕಿದ್ದಾಳೆ.

ನಿಮ್ಮಲ್ಲಿ ಒಂದು ಬೇಡಿಕೆ. ಆ ಮಹಾಮಾರಿಯ ವರ್ಷ ಚಿಕಿತ್ಸೆ ಅರ್ಧಕ್ಕೆ ನಿಂತವರು ನಿಮ್ಮ ಓಣಿಯಲ್ಲೂ ಇದ್ದಿರಬೇಕು. ಅವರ ಮನೆಗೆ ಹೋಗಿ, ಏನಾಯಿತೆಂದು ಕೇಳಿ. ಹೇಳಿದ್ದನ್ನು ಹೇಳಿದಂತೆಯೇ ಬರೆದಿಡಿ. ನೀವು ಬರೆಯದೆ ಹೋದರೆ, ಮುಂದಿನ ಜ್ವರದಲ್ಲಿ ವೈದ್ಯರ ಮುಂದಿಡಲು ನನ್ನಂಥವಳ ಬಳಿ ಕಣ್ಣೀರಲ್ಲದೆ ಬೇರೇನೂ ಇರುವುದಿಲ್ಲ.