ಒಂದೇ ಬಾಟಲಿಯ ಎಂಟು ಕೂಸುಗಳು

ಇಳಕಲ್
20-12-2024

ಮುದ್ದಿನ ಗೀತಾಂಜಲಿಗೆ, ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಬಾದಾಮಿಯಲ್ಲಿ ನೀನೂ ಅಳಿಯಂದಿರೂ ನನ್ನ ಎರಡೂವರೆ ತಿಂಗಳ ಮೊಮ್ಮಗ ಯಮನೂರನೂ ಸುಖವಾಗಿದ್ದೀರಲ್ಲವೇ? ಇದನ್ನು ಫೋನಿನಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ. ಅದಕ್ಕೇ ಕಾಗದ.

ಹೋದ ವಾರದ ಗುರುವಾರ ನೇಕಾರರ ಓಣಿಯಲ್ಲಿ ಒಂದೇ ಬಾಟಲಿಯಿಂದ ಎಂಟು ಕೂಸುಗಳಿಗೆ ಲಸಿಕೆ ಹಾಕಿದೆ. ಮರುದಿನ ಬೆಳಿಗ್ಗೆ ಅವುಗಳಲ್ಲಿ ಒಂದು, ಶೀಲಾಳ ಕೂಸು, ಎಷ್ಟು ಕರೆದರೂ ಕಣ್ಣು ತೆರೆಯಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಒಯ್ದರು. ಓಣಿಯ ತುಂಬ ಒಂದೇ ಮಾತು: "ಸಿಸ್ಟರ್ ಸೂಜಿಲಿಂದನ ಆತು." ಇಪ್ಪತ್ತಾರು ವರ್ಷ ಸೂಜಿ ಹಿಡಿದ ಕೈಯಿಂದಲೇ ನನ್ನ ಮೇಲೆ ವರದಿ ಬರೆದೆ. ಆ ಬಾಟಲಿಯನ್ನೂ ಐಸ್ ಡಬ್ಬಿಯಲ್ಲಿಟ್ಟು ಕಳಿಸಿದೆ. ಮುಚ್ಚಿಟ್ಟರೆ ಇನ್ನೊಂದು ಕೂಸಿನ ಗತಿಯೇನು? ಆ ಬ್ಯಾಚಿನ ಲಸಿಕೆಯನ್ನು ಎಲ್ಲ ಕಡೆ ತಡೆಹಿಡಿದರು.

ಸೋಮವಾರ ತನಿಖೆಗೆ ಶಾಬುದ್ದೀನ ಡಾಕ್ಟರು ಬಂದರು. ಮೊದಲು ಉಳಿದ ಏಳು ಮನೆ ಸುತ್ತಿದೆವು. ಏಳೂ ಕೂಸುಗಳು ಗುಂಡುಕಲ್ಲಿನಂತಿದ್ದವು, ಒಂದಂತೂ ಡಾಕ್ಟರ ಅಂಗಿ ತೋಯಿಸಿತು. ಕೊನೆಗೆ ಶೀಲಾಳ ಮನೆ. ಅವಳ ಅತ್ತೆ ಗುರುಲಿಂಗವ್ವ ನನ್ನ ಮುಖ ನೋಡಲಿಲ್ಲ. ಮಾತಿನ ನಡುವೆ, "ಸೊಸಿಗೂ ಅವತ್ತ ತಲಿ ತಿರಗಿ ವಾಂತಿ ಆಗಿತ್ರಿ" ಎಂದಳು.

ಡಾಕ್ಟರು ಮೆಲ್ಲಗೆ ಕೇಳಿದರು: "ಹಂಗಾದ್ರ ಯವ್ವಾ, ನಿಮ್ಮ ಸೊಸಿಗೆ ಲಸಿಕಿ ಯಾರ ಹಾಕಿದ್ರು?"

ಗುರುಲಿಂಗವ್ವ ಗೋಡೆ ಹಿಡಿದು ಕುಸಿದಳು. ಕೂಸಿಗೆ ಲಸಿಕೆಯ ಜ್ವರ, ಹೊರಗೆ ಚಳಿ. ಕಿಟಕಿಗೆ ಗೋಣಿಚೀಲ ತುರುಕಿ, ತಾಯಿ-ಕೂಸಿನ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಟ್ಟಿದ್ದಳಂತೆ. ಬಾಣಂತನದಲ್ಲಿ ಅದಕ್ಕೇ ನಾನು ಹಿಗ್ಗಾಮುಗ್ಗಾ ಬೈದಿದ್ದೆ. "ನಿಮ್ಮ ಬೈಗಳಕ್ಕ ಅಂಜಿ ನಿಮ್ಮ ಅನ್ನಕ್ಕ ಕಲ್ಲ ಹಾಕಿದ್ನೆಲ್ರಿ ಸಿಸ್ಟರ್" ಎಂದು ಅತ್ತಳು. ದವಾಖಾನೆಯಲ್ಲಿ ಮೊದಲ ದಿನವೇ ತೆಗೆದ ರಕ್ತದ ಪರೀಕ್ಷೆಯೂ ಮುಚ್ಚಿದ ಕೋಣೆಯ ಕೆಂಡದ ವಿಷಗಾಳಿಯನ್ನೇ ತೋರಿಸಿತು. ನನ್ನ ಬಾಯಿಗೆ ಹೆದರಿ ಜನ ನಿಜ ಮುಚ್ಚಿಡುತ್ತಾರೆಂದರೆ ತಪ್ಪಿನಲ್ಲಿ ನನ್ನ ಪಾಲೂ ಇದೆ, ಮಗಳೇ.

ಕೂಸು ಬುಧವಾರ ಮನೆಗೆ ಬಂತು. ಈಗ ತಾಯಿಯ ಎದೆ ಬಿಡುತ್ತಿಲ್ಲವಂತೆ. ಬ್ಯಾಚಿನ ತಡೆಯೂ ಹೋಯಿತು. ನಿನ್ನೆ ಲಸಿಕೆಗೆ ಯಾರೂ ಬರಲಾರರೆಂದು ಹೆದರಿದ್ದೆ. ನೋಡಿದರೆ ಗುರುಲಿಂಗವ್ವನೇ ಬಾಗಿಲಲ್ಲಿ ನಿಂತು, ತನ್ನ ತಪ್ಪನ್ನು ತಾನೇ ಹೇಳಿಕೊಂಡು ತಾಯಂದಿರನ್ನು ಒಳಗೆ ಕಳಿಸುತ್ತಿದ್ದಳು. ಹಗುರಾದೆ.

ನಿನ್ನ ಅವ್ವ,
ಇಂದ್ರವ್ವ

ತಾ.ಕ.: ಆ ಶುಕ್ರವಾರ ಯಮನೂರನ ಲಸಿಕೆಗಳನ್ನು ಬರೆದ ತಾಯಿ ಕಾರ್ಡಿನ ಫೋಟೋ ತರಿಸಿಕೊಂಡೆನಲ್ಲ, ಸುಮ್ಮನೆ ಅಲ್ಲ. ಅವನಿಗೂ ಬಿದ್ದದ್ದು ಅದೇ ಬ್ಯಾಚು. ನಿನಗೆ ಹೇಳುವ ಧೈರ್ಯವಾಗಲಿಲ್ಲ. ಸೋಮವಾರ ಶೀಲಾಳ ಮನೆಯಲ್ಲಿ ನಾನೂ ಬಿಕ್ಕಿ ಬಿಕ್ಕಿ ಅತ್ತೆ. ನೌಕರಿ ಉಳಿಯಿತೆಂದು ಅಳುತ್ತಿದ್ದೇನೆ ಎಂದುಕೊಂಡರು ಎಲ್ಲರೂ.