ತಂಗಿಯ ಹೆಸರಿನ ಟ್ಯುಲಿಪ್

ಮೇ ೯, ಶುಕ್ರವಾರ

ಇಡೀ ದಿನ ತಂಗಿಯ ಕತ್ತು ಮುರಿದೆ. ಬೆನ್ನು ನೋಯುತ್ತಿದೆ.

ಅಪ್ಪ ಹದಿನೆಂಟು ವರ್ಷ ಸಾಕಿ ತಯಾರಿಸಿದ ಹೊಸ ಟ್ಯುಲಿಪ್‌ಗೆ ‘ಯೋರಿನ್’ ಎಂದು ಅವಳ ಹೆಸರನ್ನೇ ಇಟ್ಟಿದ್ದಾನೆ. ಅವಳು ಹಾರ್ಲೆಮ್ ಪಟ್ಟಣದಿಂದ ಬಂದು, ಹೂವಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಉಗುರಿಗೆ ಮಣ್ಣು ತಾಗದಂತೆ ಹೋದಳು. ವರ್ಷವರ್ಷವೂ ಗೆಡ್ಡೆ ಕಿತ್ತು, ಸಿಪ್ಪೆ ಸುಲಿದು, ಮತ್ತೆ ನೆಟ್ಟವಳು ನಾನು. ನನ್ನ ಹೆಸರೇಕೆ ಇಡಲಿಲ್ಲ ಎಂದು ಕೇಳಿದ್ದಕ್ಕೆ ಅಪ್ಪ, “ನಿಂಗ್ಯಾಕೆ ಹೂವಿನ್ ಮೇಲೆ ಹೆಸ್ರು, ಹೊಲವೇ ನಿಂದಲ್ವೇನೆ” ಅಂದ.

ಬಾಡತೊಡಗಿದ ಕೆಂಪು ‘ಯೋರಿನ್’ ಹೂಗಳನ್ನು ಒಂದೊಂದಾಗಿ ಚಟಕ್ಕನೆ ಮುರಿಯುವಾಗ ಎಷ್ಟು ಹಿತವಾಗಿತ್ತೆಂದು ಇಲ್ಲಿ ಮಾತ್ರ ಬರೆಯಬಲ್ಲೆ. ಕಾಫಿ ತಂದ ಅಪ್ಪ ಸಾಲಿನುದ್ದಕ್ಕೂ ನೋಡಿ ತಲೆದೂಗಿದ.

“ಒಳ್ಳೆ ಕೆಲ್ಸ ಮಾಡ್ದೆ ಕಣೆ, ಆಫ್ಕೆ. ಬೀಜ ಕಟ್ಟೋ ಶಕ್ತಿಯೆಲ್ಲ ಇನ್ನು ಗೆಡ್ಡೆಗೆ ಇಳಿಯುತ್ತೆ. ಮುಂದಿನ್ ವರ್ಷ ನಮ್ ಯೋರಿನ್ ಇನ್ನೂ ಚೆನ್ನಾಗಿ ಅರಳ್ತಾಳೆ ನೋಡು.”

ಇದು ನನಗೆ ಗೊತ್ತಿಲ್ಲದ್ದೇನಲ್ಲ, ಚಿಕ್ಕಂದಿನಿಂದ ಮಾಡುತ್ತಿರುವ ಕೆಲಸ. ಆದರೂ ಇವತ್ತು ಚುಚ್ಚಿತು. ನಾನು ಮುರಿದಷ್ಟೂ ಬೆಳೆಯುವವಳು ಅವಳೇ.

ಅಪ್ಪ ಅತ್ತ ಹೋದ ಮೇಲೆ ಸಾಲಿನ ಕೊನೆಯ ಹೂವನ್ನು ಮುರಿಯದೆ ಬಿಟ್ಟುಬಂದೆ. ಬೀಜ ಕಟ್ಟಿಕೊಳ್ಳಲಿ. ಇಷ್ಟು ಸಾವಿರದಲ್ಲಿ ಒಂದೇ ಒಂದು ಯೋರಿನ್ ಆದರೂ ಸೊರಗಲಿ.