ನುಸಿ ತಂದವಳು ನೀನಲ್ಲ

ಚಿಕ್ಕನಾಯಕನಹಳ್ಳಿ
ಸೋಮವಾರ

ನನ್ನ ಮುದ್ದು ತಂಗಿ ಮಂಗಳಾ,

ಫೋನಿನಲ್ಲಿ ಜಗಳಕ್ಕೆ ನಿಂತರೆ ನೀನು “ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣಕ್ಕಾ” ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೂತು ಪೂರ್ತಿ ಓದು.

ನಿನ್ನ ಮಗಳು ಶಿಲ್ಪ ತೆಂಗಿನ ಮರ ಹತ್ತುವ ಯಂತ್ರದ ತರಬೇತಿಗೆ ತಿಪಟೂರಿಗೆ ಹೋಗುತ್ತೇನೆ ಅಂದಳಂತೆ. ನೀನು ಬೇಡ ಅಂದೆಯಂತೆ. ಯಾಕೆ ಅಂತ ಕೇಳಿದ್ದಕ್ಕೆ ನಿನ್ನೆ ಹೇಳಿದೆಯಲ್ಲ, “ನಾನು ಮರ ಹತ್ತಿ ನಮ್ಮಪ್ಪನ ತೋಟ ಹಾಳು ಮಾಡಿದ್ದು ಸಾಲ್ದಾ ಅಕ್ಕಾ? ಇವ್ಳೂ ಆ ಮಾತು ಹೊತ್ಕೋಬೇಕಾ?” ಅಂತ. ಅಯ್ಯೋ ನಿನ್ನ! ಇಪ್ಪತ್ತೈದು ವರ್ಷದಿಂದ ಇದನ್ನೇ ನಂಬಿಕೊಂಡು ಕೂತಿದ್ದೀಯಾ? ಅದೊಂದು ಹಳೇ ಬೈಗುಳ, ನೀನು ಎಂದೋ ಮರೆತಿರುತ್ತೀಯ ಅಂದುಕೊಂಡಿದ್ದೆ ನಾನು.

ನನಗೆ ಗೊತ್ತಿರುವ ಮಂಗಳಾ ಬೇರೆ. ಮಾಯಸಂದ್ರದ ನಮ್ಮ ಕೂಡುಮನೆಯ ತೋಟದಲ್ಲಿ ಲಂಗ ಎತ್ತಿ ಕಚ್ಚೆ ಕಟ್ಟಿ, ಕಾಲಿಗೆ ಹಗ್ಗ ಸುತ್ತಿ, ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ನೀನು ಸರಸರ ಮರ ಹತ್ತಿಬಿಡುತ್ತಿದ್ದೆ. ಕೆಳಗೆ ನಿಂತ ನನಗೆ ಮೇಲಿನಿಂದ, “ತಲೆ ಜೋಪಾನ ಕಣಕ್ಕಾ, ಒಳಗೇನೂ ಇಲ್ದಿದ್ರೂ ಜಡೆ ಹಾಕೋಕೆ ಬೇಕಾಯ್ತದೆ!” ಅಂತ ಕೂಗಿ ಎಳನೀರು ಕೆಡವುತ್ತಿದ್ದೆ. ಇಳಿದು ಬಂದ ಮೇಲೆ ಇಬ್ಬರೂ ಬುಂಡೆಯ ಚೂರಿನಲ್ಲೇ ಗಂಜಿ ಕೆರೆದು ತಿನ್ನುತ್ತಿದ್ದೆವು. ಗಾಳಿಗೆ ಮರ ತೂಗಿದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ನೀನು ಅಲ್ಲೇ ನಗುತ್ತಿದ್ದೆ. ಎಷ್ಟು ಚೆನ್ನಾಗಿದ್ದವು ಕಣೇ ಆ ದಿನಗಳು!

ನೀನು ದೊಡ್ಡವಳಾದಾಗ ಅಜ್ಜಿ “ಇನ್ಮೇಲೆ ಮರ ಮುಟ್ಟಂಗಿಲ್ಲ” ಅಂದಳು. ನೀನು ಮುಟ್ಟಲಿಲ್ಲ. ಆದರೆ ಅದೇ ಬೇಸಿಗೆಯಲ್ಲಿ ಅಜ್ಜಿಗೆ ಬಿಸಿಲು ಬಡಿದು ನಾಲಿಗೆ ಒಣಗಿತು. ಕಾಯಿ ಕೀಳುವ ಭೀಮರಾಜು ಊರಲ್ಲಿರಲಿಲ್ಲ, ಮನೆಯ ಗಂಡಸರು ಸಂತೆಗೆ ಹೋಗಿದ್ದರು. ಆಗ ಹತ್ತಿದವಳು ನೀನೇ. ಅಜ್ಜಿ ಎಳನೀರನ್ನು ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಆಮೇಲೆ ಬೈಯಲು ಶುರುಮಾಡಿದಳು. “ಮೈನೆರೆದ ಹೆಣ್ಣು ಹತ್ತಿದ ಮರ ಬಂಜೆ ಆಯ್ತದೆ, ಮನೆಹಾಳಿ!” ಕುಡಿಯುವ ಮೊದಲು ಇದು ಯಾಕೆ ನೆನಪಾಗಲಿಲ್ಲವೋ ಕಾಣೆ!

ಮಾರನೇ ವರ್ಷ ನುಸಿ ರೋಗ ಬಂತು. ಹೀಚುಗಳ ಮೈ ಸುಟ್ಟ ಹಾಗೆ ಕಂದಿತು, ಕಾಯಿ ನಿಂಬೆಯಷ್ಟಿರುವಾಗಲೇ ಉದುರಿತು. ಇಡೀ ಮನೆ ನಿನ್ನ ಮುಖ ನೋಡಿತು. ನನ್ನ ಚಿಕ್ಕಪ್ಪ, ಅಂದರೆ ನಿಮ್ಮಪ್ಪ, ಬೈಯಲೂ ಇಲ್ಲ, ಮಾತೇ ಬಿಟ್ಟರು. ನಾವೆಲ್ಲ ಕಾಯಿ ಆಯಲು ಹೋದರೆ ನೀನೊಬ್ಬಳೇ ಜಗಲಿಯ ಮೇಲೆ ಮಂಡಿಗೆ ಗಲ್ಲ ಊರಿ ಕೂತಿರುತ್ತಿದ್ದೆ. ಮದುವೆಯಾಗಿ ಹಾಲ್ಕುರಿಕೆಗೆ ಹೋಗುವವರೆಗೂ ತೋಟಕ್ಕೆ ಕಾಲಿಡಲಿಲ್ಲ.

ಅಲ್ಲ ಕಣೇ ಪೆದ್ದಿ, ತುರುವೇಕೆರೆಯ ತೋಟಗಳಿಗೂ ನುಸಿ ಬಿತ್ತು, ತಿಪಟೂರಿನ ತೋಟಗಳಿಗೂ ಬಿತ್ತು. ಅವನ್ನೆಲ್ಲ ನೀನೇ ಹತ್ತಿದ್ದೆಯಾ? ಯಾವಾಗ, ಸ್ಕೂಲಿಗೆ ಚಕ್ಕರ್ ಹೊಡೆದು ಹೋಗಿದ್ದೆಯಾ? ಅದು ಕಣ್ಣಿಗೂ ಕಾಣದ ಹುಳ, ಗಾಳಿಯಲ್ಲಿ ಬರುವಂಥದ್ದು. ಮರ ಹತ್ತಿದ್ದು ಹೆಣ್ಣೋ ಗಂಡೋ ಅಂತ ವಿಚಾರಿಸಿಕೊಂಡು ಬರುವಷ್ಟು ಕೆಟ್ಟ ಬುದ್ಧಿ ಅದಕ್ಕಿಲ್ಲ. ವಿಚಾರಿಸಿದವರು ನಮ್ಮ ಮನೆಯವರು. ಗಂಡಸರು ಹತ್ತಿದ ಮರಗಳೂ ಹಾಗೇ ಸೊರಗಿ ನಿಂತಿದ್ದವಲ್ಲ, ಅದನ್ನು ಯಾರೂ ನೋಡಲಿಲ್ಲ.

ಅಜ್ಜಿಯ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವಳಿಗೂ ಯಾರೋ ಹೇಳಿದ್ದರು, ಅವಳೂ ನಂಬಿದಳು. ಹೆದರಿಕೆಯಿರುವುದು ನಿನ್ನ ಬಗ್ಗೆ.

ಶಿಲ್ಪ ಬೀಳುತ್ತಾಳೆ ಅಂತ ಭಯವಾದರೆ ಬೇಡ ಅನ್ನು. ಹೆತ್ತವಳು ನೀನು, ಆ ಹಕ್ಕು ನಿನಗಿದೆ. ಕಿರುಚು, ಊಟ ಬಿಡು, ಅವಳೂ ನಿನ್ನ ಮಗಳೇ, ಹೇಗೂ ಕೇಳುವವಳಲ್ಲ. ಆದರೆ ಹೆಣ್ಣು ಮುಟ್ಟಿದರೆ ಮರ ಕೆಡುತ್ತದೆ ಅಂತ ಮಾತ್ರ ನಿನ್ನ ಬಾಯಿಂದ ಅವಳಿಗೆ ಹೇಳಬೇಡ. ನಿನಗೆ ಅದನ್ನು ಹೇಳಿದ್ದು ಅಜ್ಜಿ. ಶಿಲ್ಪಳಿಗೆ ಹೇಳಿದರೆ ಹೇಳುವವಳು ತಾಯಿ. ತಾಯಿ ಹೇಳಿದ್ದನ್ನು ಸಾಯುವವರೆಗೂ ನಂಬುತ್ತಾಳೆ ಕಣೇ.

ನಿನ್ನ ಎದೆಯ ಭಾರ ಇಳಿಯಲಿ. ನಿನ್ನ ಮಗಳ ಕೈಕಾಲು ಗಟ್ಟಿಯಾಗಿರಲಿ.

ಇಂತಿ ನಿನ್ನ ದೊಡ್ಡಪ್ಪನ ಮಗಳು,
ಸುನಂದಕ್ಕ